ಟೈಲ್ಸ್ ನೆಲದಲ್ಲಿ ಉಳಿದ ಹಳೆ ಬೋಲ್ಟ್: ಬಡಿಯದೆ ತೆಗೆಯುವ ಬಗೆ

ಮಲ್ಪೆಯಿಂದ ಉಳ್ಳಾಲದವರೆಗೆ ಕಡಲ ಗಾಳಿ ತಾಗುವ ಮನೆಗಳಲ್ಲಿ ಜಗಲಿಯ ಕಬ್ಬಿಣದ ರೇಲಿಂಗ್ ಹೆಚ್ಚು ವರ್ಷ ಬಾಳುವುದಿಲ್ಲ. ತುಕ್ಕು ಹಿಡಿದ ರೇಲಿಂಗನ್ನು ಕತ್ತರಿಸಿ ಗುಜರಿಗೆ ಕೊಟ್ಟ ಮೇಲೂ ಅದರ ಬೇಸ್ ಪ್ಲೇಟ್ ಮತ್ತು ನಾಲ್ಕು ಬೋಲ್ಟ್‌ಗಳು ಟೈಲ್ಸ್ ನೆಲದಲ್ಲೇ ಉಳಿದುಬಿಡುತ್ತವೆ. ನಮ್ಮ ಮನೆಯ ಜಗಲಿಯಲ್ಲಿ ಅಂಥದೊಂದು ಬೋಲ್ಟ್‌ನ ತುದಿ ಅಮ್ಮನ ಸೀರೆಯಂಚನ್ನು ಎರಡು ಸಲ ಹರಿದ ಬಳಿಕ ಉಳಿ, ಸುತ್ತಿಗೆ ಹಿಡಿದು ಕುಳಿತೆ. ಮೂರನೆಯ ಪೆಟ್ಟಿಗೆ ಬೋಲ್ಟ್ ಅಲುಗಲಿಲ್ಲ, ಎರಡಡಿ ಚೌಕದ ಟೈಲ್ ಮಾತ್ರ ಅಂಚಿನವರೆಗೆ ಸೀಳಿತು.

ವಿಟ್ರಿಫೈಡ್ ಟೈಲ್ ಬಹಳ ಗಟ್ಟಿ, ಆದರೆ ಪೆಟ್ಟು ತಾಳುವುದಿಲ್ಲ. ಅಡಿಯಲ್ಲಿ ಗಾರೆ ತುಂಬದೆ ಪೊಳ್ಳಾಗಿರುವ ಕಡೆಯಂತೂ ಸಣ್ಣ ಏಟಿಗೇ ಬಿರಿಯುತ್ತದೆ. ಆದ್ದರಿಂದ ಮೊದಲು ಬೋಲ್ಟ್‌ನ ಸುತ್ತ ನಾಣ್ಯದಿಂದ ತಟ್ಟಿ ನೋಡಿ, ಡಬ್ ಡಬ್ ಎಂದು ಕೇಳಿಸಿದ ಜಾಗವನ್ನು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ಅಟ್ಟದಲ್ಲಿ ಹೆಚ್ಚುವರಿ ಟೈಲ್ ಉಳಿದಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳುವುದು ಒಳ್ಳೆಯದು.

ನಟ್‌ಗಳಿಗೆ ಡಬ್ಲ್ಯೂಡಿ-40ಯಂಥ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ಮರುದಿನ ಸ್ಪ್ಯಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿದರೆ ತುಕ್ಕಿನ ಹಿಡಿತ ಬಿಡುವ ಸಾಧ್ಯತೆ ಹೆಚ್ಚು. ನಟ್ ಬಿಚ್ಚಿದರೆ ಪ್ಲೇಟ್ ಎದ್ದು ಬರುತ್ತದೆ. ಬೋಲ್ಟನ್ನು ಮಾತ್ರ ಇಕ್ಕಳ ಹಾಕಿ ಎಳೆಯಬಾರದು, ಏಕೆಂದರೆ ಅದು ಆಂಕರ್ ಬೋಲ್ಟ್ ಆಗಿದ್ದರೆ ಅದರ ಹೊರಗಿನ ಕೊಳವೆ ಕಾಂಕ್ರೀಟಿನೊಳಗೆ ಅರಳಿ ಕಚ್ಚಿಕೊಂಡಿರುತ್ತದೆ, ಮೇಲಕ್ಕೆ ಎಳೆದಷ್ಟೂ ಇನ್ನಷ್ಟು ಅರಳುತ್ತದೆ.

ಉಳಿದ ದಾರಿ ಕತ್ತರಿಸುವುದು. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಯಂತ್ರವಾದ್ದರಿಂದ ಅದರ ಗಾರ್ಡ್ ಕಳಚಬೇಡಿ, ಕನ್ನಡಕ ಮತ್ತು ಮಾಸ್ಕ್ ಇಲ್ಲದೆ ಕುಳಿತುಕೊಳ್ಳಬೇಡಿ, ನೆಲ ಒದ್ದೆಯಿದ್ದರೆ ಪ್ಲಗ್ಗನ್ನೇ ಹಾಕಬೇಡಿ. ಕಿಡಿಗಳು ಟೈಲ್‌ನ ಹೊಳಪಿನ ಮೇಲೆ ಅಂಟಿ ಕೂತು ಮಳೆಗಾಲದಲ್ಲಿ ತುಕ್ಕಿನ ಚುಕ್ಕೆಗಳಾಗುತ್ತವೆ. ಹೀಗಾಗಿ ಹಳೆಯ ಡಬ್ಬಿಯ ತಗಡಿನಲ್ಲಿ ಬೋಲ್ಟ್‌ನಷ್ಟೇ ತೂತು ಮಾಡಿ ಅದನ್ನು ನೆಲಕ್ಕೆ ಹೊದಿಸಿ, ಬೋಲ್ಟನ್ನು ತಗಡಿನ ಮಟ್ಟಕ್ಕೆ ಕತ್ತರಿಸಿ.

ಇಷ್ಟಕ್ಕೇ ನಿಲ್ಲಿಸಿ ಮೇಲೆ ಬಿಳಿ ಸಿಮೆಂಟ್ ಮೆತ್ತುವವರೇ ಹೆಚ್ಚು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ ಎಂಬುದನ್ನು ಮರೆತ ಕೆಲಸವದು: ಟೈಲ್‌ಗೆ ತಾಗಿಕೊಂಡೇ ಉಳಿದ ಬೋಲ್ಟ್ ನಮ್ಮ ಮಳೆಗೆ ಊದಿ ಮತ್ತೆ ಟೈಲನ್ನು ಬಿರಿಸುತ್ತದೆ. ಬೋಲ್ಟನ್ನು ಟೈಲ್‌ನಿಂದ ಪೂರ್ತಿ ಬೇರ್ಪಡಿಸಲೇಬೇಕು. ಅದಕ್ಕೆ 20 ಮಿಲಿಮೀಟರ್ ಡೈಮಂಡ್ ಕೋರ್ ಬಿಟ್, ಅಂದರೆ ಡ್ರಿಲ್ಲಿಗೆ ಹಾಕಿ ಬಳೆಯಾಕಾರದಲ್ಲಿ ಕೊರೆಯುವ ಟೊಳ್ಳು ಕೊಳವೆಯಂಥ ಬಿಟ್ ಬೇಕು. ಪ್ಲೈವುಡ್ ತುಂಡಿನಲ್ಲಿ ಅದೇ ಅಳತೆಯ ತೂತು ಕೊರೆದು ಬೋಲ್ಟ್‌ನ ಮೇಲೆ ಸರಿಯಾಗಿ ಕೂರಿಸಿ ಕಾಲಿನಿಂದ ಒತ್ತಿ ಹಿಡಿದರೆ ಬಿಟ್ ಜಾರುವುದಿಲ್ಲ. ಬ್ಯಾಟರಿ ಡ್ರಿಲ್ ಬಳಸಿ, ಬಾಟಲಿಯಿಂದ ಹನಿಹನಿಯಾಗಿ ನೀರು ಬಿಡುತ್ತಾ, ನಿಧಾನ ವೇಗದಲ್ಲಿ ಕೊರೆಯಬೇಕು. ಬಿಳಿ ಕೆಸರು ಬೂದು ಬಣ್ಣಕ್ಕೆ ತಿರುಗಿದಾಗ ಟೈಲ್ ದಾಟಿ ಗಾರೆ ಸಿಕ್ಕಿತೆಂದು ತಿಳಿಯಬಹುದು. ಬೋಲ್ಟ್‌ನ ಸುತ್ತ ಉಳಿದ ಟೈಲ್‌ನ ಬಳೆಯನ್ನು ಸಣ್ಣ ಉಳಿಯಿಂದ ಎಬ್ಬಿಸಿ ತೆಗೆಯಿರಿ. ಆ ಮೇಲೆ ಬೋಲ್ಟ್‌ಗೆ ಪಂಚ್ (ಮೊಂಡು ತುದಿಯ ಉಕ್ಕಿನ ಕಡ್ಡಿ) ಇಟ್ಟು ಮೆಲ್ಲಗೆ ತಟ್ಟಿ ಅರ್ಧ ಸೆಂಟಿಮೀಟರಿನಷ್ಟು ಕೆಳಗಿಳಿಸಿ. ಇಳಿಯದಿದ್ದರೆ ಡ್ರಿಲ್‌ಗೆ ಹಾಕುವ ಸಣ್ಣ ಸಾಣೆಕಲ್ಲಿನಿಂದ ಸವೆಸಿ.

ಹಳೆಯ ಮನೆಗಳ ಮಣ್ಣಿನ ನೆಲಹಂಚಿಗೆ ಈ ಯಂತ್ರಗಳು ಬೇಡ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಭಾಗದಲ್ಲಿ ಬೆಳೆದ ಉದ್ಯಮದ ಅಂಥ ಹಂಚು ಒಡೆದರೆ ಜೋಡಿ ಸಿಗುವುದು ಕಷ್ಟ. ಸಂದಿನ ಸುಣ್ಣದ ಗಾರೆಯನ್ನು ಕೈ ಉಳಿಯಿಂದ ಕೆರೆದು, ಹಂಚನ್ನು ಇಡಿಯಾಗಿ ಎಬ್ಬಿಸಿಟ್ಟು ಕೆಲಸ ಮುಗಿಸಿ ಮರಳಿ ಕೂರಿಸುವುದೇ ಸರಿ.

ಸುತ್ತಲಿನ ತುಕ್ಕಿನ ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಬಾರದು, ಬಾತ್‌ರೂಮ್ ಆ್ಯಸಿಡ್ ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಹಿತ್ತಿಲ ಬಿಂಬುಳಿ ಎಂಬ ಹುಳಿಕಾಯಿ ಜಜ್ಜಿ ಹತ್ತು ನಿಮಿಷ ಹಚ್ಚಿಟ್ಟು ತೊಳೆಯಿರಿ; ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಮಾರ್ಬಲ್ ನೆಲಕ್ಕೆ ಇದೂ ಸಲ್ಲದು.

ತೂತು ಪೂರ್ತಿ ಒಣಗಿದ ಮೇಲೆ ಬೋಲ್ಟ್‌ನ ತಲೆಗೆ ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಟೈಲ್‌ನ ಬಣ್ಣದ ಎಪಾಕ್ಸಿ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ, ಗಟ್ಟಿಯಾಗುವ ಅಂಟು) ತುಂಬಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನೆಲಮಟ್ಟಕ್ಕೆ ಸವರಿ. ಗಾರೆಯಲ್ಲಿ ತೇವವಿದ್ದರೆ ಎಪಾಕ್ಸಿ ಸರಿಯಾಗಿ ಹಿಡಿಯದ ಕಾರಣ ಈ ಕೆಲಸವನ್ನು ಜೂನ್‌ಗೆ ಮೊದಲೇ ಮುಗಿಸಿಕೊಂಡು, ತುಂಬಿದ ಜಾಗವನ್ನು 24 ಗಂಟೆ ತುಳಿಯದಂತೆ ಮಣೆಯೊಂದನ್ನು ಕವುಚಿಡಿ.