ವಚನ ಓದುವಾಗ ನಾಲಿಗೆ ಎಡವಿದ ಕಡೆ

ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳು ಬಿದ್ದ ಕಡೆ ಇಂದಿನ ಮಾತು ಸಿಗುತ್ತದೆ ಎಂದು ನಂಬುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ದಪ್ಪ ಪುಸ್ತಕ ತಾನಾಗಿ ತೆರೆದುಕೊಳ್ಳುವುದು ಹೊಲಿಗೆ ಸಡಿಲವಾದ ಜಾಗದಲ್ಲಿ, ಅಂದರೆ ನಾವೇ ಹಿಂದೆ ಹೆಚ್ಚು ಸಲ ಬಿಡಿಸಿಟ್ಟ ಪುಟದಲ್ಲಿ. ಬೆರಳೂ ನಡುಭಾಗಕ್ಕೇ ಹೋಗುತ್ತದೆ. ಮೊದಲ ಐವತ್ತು ಪುಟಗಳ ಸರದಿ ಬರುವುದೇ ಇಲ್ಲ. ಪುಟ ಯಾವುದಾದರೂ ಆಗಲಿ, ಓದುವಾಗ ಯಾವ ಪದ ತಡೆದು ನಿಲ್ಲಿಸುತ್ತದೋ ಅದನ್ನೇ ಪ್ರೇರಣೆ ಎಂದುಕೊಂಡಿದ್ದೇನೆ.

ಆದ್ದರಿಂದ ಸಾಲಾಗಿ ಓದುತ್ತೇನೆ, ದಿನಕ್ಕೆ ಒಂದೇ ವಚನ. ಬಸವಣ್ಣನವರವು ಸುಮಾರು 1,400 ಇವೆ. ಒಂದು ಸುತ್ತಿಗೆ ಹತ್ತಿರ ಹತ್ತಿರ ನಾಲ್ಕು ವರ್ಷ. ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಮೊದಲನೆಯದೊಂದಿದ್ದರೆ ಸಾಕು. ವಾಟ್ಸಾಪ್‌ನಲ್ಲಿ ಓಡಾಡುವ ವಚನಗಳನ್ನು ಇದಕ್ಕೆ ಬಳಸಬೇಡಿ. ಸಾಲು ಬಿಟ್ಟುಹೋಗಿರುತ್ತದೆ, ಒಬ್ಬರ ವಚನಕ್ಕೆ ಇನ್ನೊಬ್ಬರ ಅಂಕಿತ, ಅಂದರೆ ಕೊನೆಯಲ್ಲಿ ಬರುವ ದೇವರ ಹೆಸರು, ಅಂಟಿರುತ್ತದೆ.

ಬೆಳಿಗ್ಗೆ ಫೋನ್ ಮುಟ್ಟುವ ಮುಂಚೆ 25 ನಿಮಿಷ ಬೇಕು. ಮೊದಲ ಸಲ ಗಟ್ಟಿಯಾಗಿ ಓದುತ್ತೇನೆ, ಅರ್ಥದ ಗೊಡವೆಗೆ ಹೋಗದೆ. ಎರಡನೇ ಸಲ ನಿಧಾನವಾಗಿ, ಪೆನ್ಸಿಲ್ ಕೈಯಲ್ಲಿ ಹಿಡಿದು. ನಾಲಿಗೆ ಎಡವಿದ ಪದ, ‘ಇದು ಇಲ್ಲಿ ಯಾಕೆ ಬಂತು’ ಅನ್ನಿಸಿದ ಪದ, ಅದರ ಕೆಳಗೆ ಒಂದು ಚುಕ್ಕೆ. ಮೂರನೆಯದು ಕೈಬರಹ: ನೋಟ್‌ಬುಕ್‌ನಲ್ಲಿ ಸಾಲು ಮುರಿಯದೆ ಒಂದೇ ಓಟದಲ್ಲಿ ಬರೆಯುತ್ತೇನೆ. ತಾಳೆಗರಿಯಲ್ಲಿ ಬರಹ ಹಾಗೆ ಒತ್ತಾಗಿಯೇ ಇತ್ತು. ಸಾಲು, ಅಲ್ಪವಿರಾಮ, ಪ್ರಶ್ನೆಚಿಹ್ನೆಗಳೆಲ್ಲ ಸಂಪಾದಕರು ಕೊಟ್ಟವು. ಅವನ್ನು ತೆಗೆದರೆ ನಿಲ್ಲುವ ಜಾಗ ಬದಲಾಗುತ್ತದೆ. ಆಮೇಲೆ ಐದು ನಿಮಿಷ ಸುಮ್ಮನೆ ಕೂರುವುದು. ನಿಘಂಟು ತೆಗೆಯುವುದು ಅದಾದ ಮೇಲೆ. ಮೊದಲೇ ತೆಗೆದರೆ ಮನಸ್ಸು ಪರೀಕ್ಷೆಗೆ ಓದುವ ಹುಡುಗನಂತಾಗುತ್ತದೆ.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ. ‘ಲೋಕದ ಡೊಂಕ ನೀವೇಕೆ ತಿದ್ದುವಿರಿ? ನಿಮ್ಮ ನಿಮ್ಮ ತನುವ ಸಂತೈಸಿಕೊಳ್ಳಿ, ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ.’ ಇದು ಎಲ್ಲರ ಬಾಯಲ್ಲೂ ಇರುವ ವಚನ. ಬಳಕೆಯಾಗುವುದು ಮಾತ್ರ ಎದುರಿನವರ ಮೇಲೆ ಬೀಸುವ ಕೋಲಾಗಿ: ‘ನಿನ್ನ ಡೊಂಕು ನೀನು ತಿದ್ದಿಕೋ.’ ಕೈಯಲ್ಲಿ ಬರೆಯುವಾಗ ಗೊತ್ತಾಗುತ್ತದೆ, ವಚನದಲ್ಲಿ ‘ತಿದ್ದಿಕೊಳ್ಳಿ’ ಎಂಬ ಪದವೇ ಇಲ್ಲ. ತಿದ್ದುವುದು ಲೋಕದ ಬಗ್ಗೆ ಹೇಳಿದ ಮಾತು, ಅದೂ ‘ಏಕೆ’ ಎಂಬ ಪ್ರಶ್ನೆಯೊಂದಿಗೆ. ನಮಗೆ ಹೇಳಿರುವುದು ಸಂತೈಸಿಕೊಳ್ಳುವುದನ್ನು, ಅಂದರೆ ಸಮಾಧಾನ ಮಾಡಿಕೊಳ್ಳುವುದನ್ನು, ಕಾಪಾಡಿಕೊಳ್ಳುವುದನ್ನು. ಅದರಲ್ಲೂ ಮೊದಲು ತನು, ಆಮೇಲೆ ಮನ. ತನ್ನನ್ನೇ ಬೈದುಕೊಳ್ಳುತ್ತಾ ನಿದ್ದೆಗೆಟ್ಟವರಿಗೆ ಆ ಅನುಕ್ರಮ ಒಂದೇ ಸಾಕು. ನನ್ನ ಚುಕ್ಕೆ ‘ತನುವ’ ಎಂಬುದರ ಕೆಳಗಿದೆ.

ಸಿಕ್ಕ ಅರ್ಥವನ್ನು ಅಲ್ಲೇ ನಂಬಿಬಿಡುವುದಿಲ್ಲ. ತಾರೀಖು ಹಾಕಿ ಒಂದೇ ವಾಕ್ಯದಲ್ಲಿ ಬರೆದಿಟ್ಟು, ಏಳು ದಿನ ಬಿಟ್ಟು ನೋಡುತ್ತೇನೆ. ಎರಡು ಪರೀಕ್ಷೆ. ಆ ಅರ್ಥವನ್ನು ವಚನದ ಉಳಿದ ಸಾಲುಗಳು ತಡೆದುಕೊಳ್ಳುತ್ತವೆಯೇ? ಮೇಲಿನ ವಚನ ಮುಗಿಯುವುದು ‘ನೆರೆಮನೆಯ ದುಃಖಕ್ಕೆ ಅಳುವವರ ಮೆಚ್ಚ ಕೂಡಲಸಂಗಮದೇವ’ ಎಂದು. ಸಂತೈಸುವುದೆಂದರೆ ಬರೀ ಮುದ್ದು ಮಾಡಿಕೊಳ್ಳುವುದು ಎಂದುಕೊಂಡರೆ ಈ ಸಾಲು ಬಿಡುವುದಿಲ್ಲ. ಎರಡನೆಯದು: ಓದುವಾಗ ಯಾರ ಮುಖ ನೆನಪಾಯಿತು? ಭಾವಮೈದುನನದೋ ಆಫೀಸಿನ ಸಾಹೇಬರದೋ ಆದರೆ ಅದು ಪ್ರೇರಣೆಯಲ್ಲ, ಹಳೆಯ ಜಗಳ. ಆ ದಿನದ ವಾಕ್ಯಕ್ಕೆ ಅಡ್ಡಗೆರೆ.

ಕೆಡುವುದು ಹೆಚ್ಚಾಗಿ ಪರಿಚಿತ ವಚನಗಳಲ್ಲೇ. ಹಾಡಿನ ಧಾಟಿ ತಲೆಯಲ್ಲಿ ಕೂತಿದ್ದರೆ ರಾಗ ಪದದ ಮೇಲೆ ಹಾಯಿಸಿಕೊಂಡು ಹೋಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ‘ಅಕ್ಕ ಕೇಳವ್ವಾ’ ಕೇಳಿದವರಿಗೆ ಆ ವಚನವನ್ನು ಬರೀ ಮಾತಾಗಿ ಓದುವುದು ಕಷ್ಟ. ಅಂಥವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಅಂಕಿತವನ್ನು ಸಹಿಯಂತೆ ನುಂಗಿಬಿಡುವುದು ಇನ್ನೊಂದು ತಪ್ಪು: ಅಲ್ಲಿ ಮಾತು ಯಾರ ಮುಂದೆ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಅಲ್ಲಮಪ್ರಭುಗಳ ಬೆಡಗಿನ ವಚನಗಳನ್ನು ಮೊದಲ ಸುತ್ತಿನಲ್ಲಿ ಮುಟ್ಟಬೇಡಿ. ಒಗಟಿಗೆ ನಮಗೆ ಬೇಕಾದ ಅರ್ಥ ತುಂಬುವುದು ತೀರಾ ಸುಲಭ. ಟೀಕೆ, ಅಂದರೆ ಅರ್ಥ ಬಿಡಿಸಿದ ವ್ಯಾಖ್ಯಾನ, ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಪೆನ್ನು ಬೇಡ, ಪೆನ್ಸಿಲ್ಲೇ ಇರಲಿ. ತೆಳು ಕಾಗದದಲ್ಲಿ ಶಾಯಿ ಹಿಂಬದಿಗೆ ಇಳಿದು ಮುಂದಿನ ವಚನದ ಪದಕ್ಕೂ ಚುಕ್ಕೆ ಹಾಕಿಬಿಡುತ್ತದೆ. ಎರಡನೇ ಸುತ್ತಿನಲ್ಲಿ ಚುಕ್ಕೆ ಬೇರೆ ಪದದ ಕೆಳಗೆ ಬಿದ್ದರೆ ಹಳೆಯದನ್ನು ಅಳಿಸದೆ ಎರಡರ ಪಕ್ಕದಲ್ಲೂ ಇಸವಿ ಬರೆಯುತ್ತೇನೆ.