ಕೆಂಪು ದೀಪ ನೋಡದೆ ಹೊರಡುವುದಿಲ್ಲ: ಹಳೆಯ ಮೋಟೋ ಗುಟ್ಸಿ ಜೊತೆ ನನ್ನ ಅನುಭವ

ಹಳೆಯ ಇಟಾಲಿಯನ್ ಬೈಕ್ ಅಂದ ಕೂಡಲೇ "ಅಯ್ಯೋ, ದಾರಿ ಮಧ್ಯೆ ಕೈಕೊಡುತ್ತೆ" ಅನ್ನುವವರೇ ಜಾಸ್ತಿ. ನಾನು ವರ್ಷಾನುಗಟ್ಟಲೆಯಿಂದ ಓಡಿಸುತ್ತಿರುವುದು ಮೋಟೋ ಗುಟ್ಸಿ 850 ಟಿ3. 1975ರಲ್ಲಿ ಬಂದ ಮಾಡೆಲ್, 844 ಸಿಸಿ, ಅಡ್ಡಡ್ಡ ಚಾಚಿಕೊಂಡ ಎರಡು ಸಿಲಿಂಡರ್, ಹಿಂದಿನ ಚಕ್ರ ತಿರುಗಿಸಲು ಚೈನ್ ಬದಲು ಶಾಫ್ಟ್ (ಉಕ್ಕಿನ ದಂಡ). ಎಂಜಿನ್ ಗಟ್ಟಿಪಿಂಡ. ಸತಾಯಿಸುವುದೆಲ್ಲ ಅದರ ಸುತ್ತ ಇರುವ ವಯಸ್ಸಾದ ವೈರು, ಕನೆಕ್ಟರು, ಸ್ವಿಚ್ಚು.

ಒಂದು ಸಂಜೆ ದೂರದ ಸವಾರಿಯಲ್ಲಿ ಹೆಡ್‌ಲೈಟ್ ಮಂಕಾಗುತ್ತಾ ಬಂತು. ಇಂಡಿಕೇಟರ್ ಮಿಣುಕುವುದೂ ನಿಧಾನವಾಯಿತು. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಂತ ಗೊತ್ತಾಯಿತು. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಸರಿಯಾಗಿತ್ತು, ಅದರ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಸರಿಯಾಗಿತ್ತು. ಸುಟ್ಟುಹೋಗಿದ್ದು ಮೀಟರ್ ಪಕ್ಕದ ಕೆಂಪು ಚಾರ್ಜಿಂಗ್ ದೀಪದ ಪುಟ್ಟ ಬಲ್ಬ್!

ಬಲ್ಬಿಗೂ ಚಾರ್ಜಿಂಗಿಗೂ ಏನು ಸಂಬಂಧ ಅಂತೀರಾ? ಈ ಬೈಕಿನ ಆಲ್ಟರ್ನೇಟರ್ ಒಳಗೆ ಕಾಯಂ ಆಯಸ್ಕಾಂತ ಇಲ್ಲ. ಅದರೊಳಗೆ ತಿರುಗುವ ಭಾಗವಾದ ರೋಟರಿಗೆ ಮೊದಲು ಸ್ವಲ್ಪ ಕರೆಂಟ್ ಸಿಕ್ಕರೆ ಮಾತ್ರ ಅದು ಆಯಸ್ಕಾಂತವಾಗುತ್ತೆ. ಆ ಮೊದಲ ಕರೆಂಟ್ ಹೋಗುವುದು ಈ ಕೆಂಪು ದೀಪದ ಮೂಲಕ. ಎಂಜಿನ್ ವೇಗ ಹಿಡಿದ ಮೇಲೆ ಆಲ್ಟರ್ನೇಟರ್ ತನಗೆ ಬೇಕಾದ್ದನ್ನು ತಾನೇ ಹುಟ್ಟಿಸಿಕೊಳ್ಳುತ್ತೆ, ದೀಪ ಆರುತ್ತೆ. ಬಲ್ಬ್ ಸುಟ್ಟರೆ ಈ ಕೆಲಸ ಶುರುವೇ ಆಗುವುದಿಲ್ಲ. ಅದಕ್ಕೇ ನಾನು ಕೀ ತಿರುಗಿಸಿದಾಗ ಆ ದೀಪ ಹತ್ತಿತಾ ಅಂತ ನೋಡಿಯೇ ಹೊರಡುವುದು. ಹತ್ತದಿದ್ದರೆ ಮೊದಲು ಬಲ್ಬ್, ಆಮೇಲೆ ಉಳಿದದ್ದು. ಸೀಟಿನ ಕೆಳಗೆ ಒಂದು ಬಲ್ಬ್ ಯಾವಾಗಲೂ ಇರುತ್ತೆ. ಜೊತೆಗೆ ವೋಲ್ಟ್ ಅಳೆಯಲು ಒಂದು ಮಲ್ಟಿಮೀಟರ್. 3000 ಆರ್‌ಪಿಎಂ ಹತ್ತಿರ ಬ್ಯಾಟರಿಯಲ್ಲಿ 14 ವೋಲ್ಟ್ ಆಸುಪಾಸು ಕಂಡರೆ ನೆಮ್ಮದಿ.

ಆಮೇಲೆ ಕೂತು ಅರ್ಥ್ ವೈರುಗಳನ್ನೆಲ್ಲ ಬಿಚ್ಚಿ, ಉಜ್ಜಿ, ಹೊಸದಾಗಿ ಕಟ್ಟಿದೆ. ರೆಗ್ಯುಲೇಟರ್‌ನಿಂದ ಎಂಜಿನ್‌ಗೆ ನೇರವಾಗಿ ಒಂದು ದಪ್ಪ ವೈರ್ ಎಳೆದೆ. ಸ್ಟಾರ್ಟರಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು) ಹಾಕಿದೆ. ಕೀ ಸ್ವಿಚ್ಚಿನ ಮೇಲೆ ಬೀಳುತ್ತಿದ್ದ ಭಾರ ತಪ್ಪಿತು. ಆಗಿನಿಂದ ಕರೆಂಟ್ ಕಾಟ ಇಲ್ಲ.

ನನಗೆ ಬಹಳ ಇಷ್ಟದ ಕೆಲಸ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಎಂಜಿನ್ ವಾಲ್ವುಗಳ ಸಂದು ಸರಿ ಮಾಡುವುದು. ವಾಲ್ವುಗಳಿರುವ ಸಿಲಿಂಡರ್ ಹೆಡ್ ಎರಡೂ ಹೊರಗೇ ಚಾಚಿಕೊಂಡಿವೆ, ಟ್ಯಾಂಕ್ ತೆಗೆಯುವ ರಗಳೆಯೇ ಇಲ್ಲ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಪ್ಲಗ್ ಎರಡೂ ಬಿಚ್ಚಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಐದನೇ ಗೇರಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತೇನೆ. ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್ ಪಕ್ಕದ ರಬ್ಬರ್ ಮುಚ್ಚಳ ತೆಗೆದರೆ ಒಳಗೆ ಗುರುತುಗಳು ಕಾಣುತ್ತವೆ: ಬಲ ಸಿಲಿಂಡರಿಗೆ 'ಡಿ', ಎಡ ಸಿಲಿಂಡರಿಗೆ 'ಎಸ್'. ಗುರುತು ಕೂತಾಗ ಆ ಕಡೆಯ ಎರಡೂ ರಾಕರ್ (ವಾಲ್ವ್ ಒತ್ತುವ ತೋಳು) ಸಡಿಲವಾಗಿರಬೇಕು. ಬಿಗಿಯಾಗಿದ್ದರೆ ಇನ್ನೊಂದು ಸುತ್ತು. ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ತೂರಿಸಿ, ಎಳೆದಾಗ ಸ್ವಲ್ಪ ಹಿಡಿದಂತಾದರೆ ಸಾಕು. ಲಾಕ್‌ನಟ್ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಲೇಬೇಕು, ಬಿಗಿಯುವಾಗ ಸ್ಕ್ರೂ ಸುಮ್ನೆ ತಿರುಗಿಬಿಡುತ್ತೆ. ಇದಾದ ಮೇಲೆ ಕಾರ್ಬೊರೇಟರ್ ಎರಡನ್ನೂ ಸಮ ಮಾಡುತ್ತೇನೆ. ಟ್ಯಾಪೆಟ್ ಸರಿ ಇಲ್ಲದೆ ಕಾರ್ಬೊರೇಟರ್ ಮುಟ್ಟಿ ಪ್ರಯೋಜನವಿಲ್ಲ.

ಓಡಿಸುವುದಕ್ಕೆ ಇದರದ್ದೇ ಒಂದು ಹದ ಇದೆ. ನಿಂತಲ್ಲೇ ಆಕ್ಸಿಲರೇಟರ್ ತಿರುಗಿಸಿದರೆ ಬೈಕ್ ಬಲಕ್ಕೆ ವಾಲುತ್ತೆ. ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಬೈಕಿನ ಉದ್ದಕ್ಕೆ ಕೂತಿದೆ, ಅದರ ತಿರುವಿನ ಪರಿಣಾಮ ಅದು. ಹೋಗುತ್ತಿದ್ದಾಗ ಗೊತ್ತೇ ಆಗುವುದಿಲ್ಲ. ಗೇರ್ ಅವಸರದಲ್ಲಿ ಹಾಕಬಾರದು. ಕಾಲಿನ ಬ್ರೇಕ್ ಒತ್ತಿದರೆ ಹಿಂದಿನದ್ದರ ಜೊತೆ ಮುಂದಿನ ಎಡ ಡಿಸ್ಕೂ ಹಿಡಿಯುತ್ತೆ. ಕೈಯ ಬ್ರೇಕಿಗೆ ಮುಂದಿನ ಬಲ ಡಿಸ್ಕ್. ಎಷ್ಟೋ ಜನ ಈ ಜೋಡಣೆ ತೆಗೆಸಿಬಿಡುತ್ತಾರೆ. ನಾನು ಉಳಿಸಿಕೊಂಡಿದ್ದೇನೆ. ಒದ್ದೆ ರಸ್ತೆಯಲ್ಲಿ ಬೈಕ್ ಮೂತಿ ಬಗ್ಗಿಸದೆ ನೆಟ್ಟಗೆ ನಿಲ್ಲುತ್ತೆ, ಅದಕ್ಕಿಂತ ಇನ್ನೇನು ಬೇಕು?

ಕೊಳ್ಳುವ ಯೋಚನೆ ಇರುವವರು ಸಿಲಿಂಡರ್ ಬಗ್ಗೆ ತಪ್ಪದೆ ಕೇಳಿ. ಆ ಕಾಲದ ಸಿಲಿಂಡರ್ ಒಳಮೈಗೆ ಕ್ರೋಮ್ ಲೇಪನ ಇತ್ತು. ವಯಸ್ಸಾದಂತೆ ಅದು ಚಕ್ಕೆ ಏಳಬಹುದು, ಆ ಚೂರು ಆಯಿಲಿಗೆ ಸೇರಿ ಬೇರಿಂಗ್ ತಿನ್ನುತ್ತೆ. ನನ್ನದಕ್ಕೆ ಬೇರೆ ಸಿಲಿಂಡರ್ ಹಾಕಿಸಿದೆ. ಆಯಿಲ್ ಫಿಲ್ಟರ್ ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್ ಒಳಗೇ ಇರುವುದರಿಂದ ಅದನ್ನು ಬದಲಿಸಲು ಸಂಪ್ ಬಿಚ್ಚಬೇಕು. ಹಾಗೆ ಬಿಚ್ಚಿದಾಗಲೆಲ್ಲ ತಳದಲ್ಲಿ ಹೊಳೆಯುವ ಚೂರು ಇದೆಯಾ ಅಂತ ಬೆರಳಾಡಿಸಿ ನೋಡುತ್ತೇನೆ. ಮಾರುವವರು "ಸಿಲಿಂಡರ್ ಯಾವುದು ಅಂತ ಗೊತ್ತಿಲ್ಲ" ಅಂದರೆ, ಹೊಸ ಸಿಲಿಂಡರ್, ಪಿಸ್ಟನ್ ಖರ್ಚು ಕಳೆದೇ ಬೆಲೆ ಮಾತಾಡಿ.