ಹಿಮೋಗ್ಲೋಬಿನ್ ಸರಿಯಿತ್ತು, ಕಾಲು ಸುಮ್ಮನಿರಲಿಲ್ಲ

ರಾತ್ರಿ ಹತ್ತೂವರೆಯಾಗುತ್ತಿದ್ದಂತೆ ಬಲಗಾಲಿನ ಮೀನಖಂಡದಲ್ಲಿ ಶುರುವಾಗುತ್ತಿತ್ತು. ನೋವಲ್ಲ, ಜೋಮೂ ಅಲ್ಲ. ಮೂಳೆಗೂ ಮಾಂಸಕ್ಕೂ ನಡುವೆ ಏನೋ ಹರಿದಾಡಿದ ಹಾಗೆ. ಎಲ್ಲಿ ಕೆರೆದರೂ ಕೈಗೆ ಸಿಗದ ತುರಿಕೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ, ಮಲಗಿದರೆ ಎರಡೇ ನಿಮಿಷಕ್ಕೆ ಮತ್ತೆ ಹಾಜರು. ಅನುಭವಿಸಿದವರಿಗೆ ಇಷ್ಟು ಹೇಳಿದರೆ ಸಾಕು. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತ ಹೆಸರು, ಅಂದರೆ ಸುಮ್ಮನಿರದ ಕಾಲಿನ ಕಾಯಿಲೆ. ಹೀಗೆ ಆರು ವರ್ಷ. “ಟೆನ್ಷನ್ ಬಿಡು, ಸರಿಹೋಗುತ್ತೆ” ಅಂತ ಮನೆಯವರೂ ಅಂದರು, ಡಾಕ್ಟರೂ ಅಂದರು.

ಮೊದಲ ಮೂರು ವರ್ಷ ಕಳೆದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಬಿಗಿ ಸಾಕ್ಸ್, ಮೆಗ್ನೀಸಿಯಂ, ಬಿ12 ಇಂಜೆಕ್ಷನ್, ನರಗಳ ಟೆಸ್ಟು, ರಕ್ತನಾಳದ ಡಾಪ್ಲರ್. ಟೆಸ್ಟುಗಳೆಲ್ಲ ನಾರ್ಮಲ್. ಕಾಲಿನ ಮಸಾಜ್ ಯಂತ್ರ ಓಡುತ್ತಿರುವಷ್ಟು ಹೊತ್ತು ಹಿತ, ನಿಲ್ಲಿಸಿದರೆ ಮುಗಿಯಿತು. ಎಲ್ಲ ಸೇರಿ ಎರಡು ತಿಂಗಳ ಸಂಬಳವಾದರೂ ಹೋಗಿದೆ.

ಆಮೇಲೆ ಈ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್ ಅನ್ನೋ ಮಾತ್ರೆ. ಮೊದಲ ಐದಾರು ತಿಂಗಳು ಸ್ವರ್ಗ. ಕಾಯಿಲೆ ಗೆದ್ದೆ ಅಂತಲೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ವರ್ಷ ತುಂಬುವುದರೊಳಗೆ ರಾತ್ರಿ ಹತ್ತೂವರೆಗೆ ಬರುತ್ತಿದ್ದದ್ದು ಸಂಜೆ ಆರಕ್ಕೇ ಬರತೊಡಗಿತು, ಎಡಗಾಲಿಗೂ ಹಬ್ಬಿತು, ತೋಳಿಗೂ ಏರಿತು. ಡೋಸ್ ಏರಿಸಿದಷ್ಟೂ ಬೇಗ ಬರುತ್ತಿತ್ತು. ಇದೇ ಆಗ್ಮೆಂಟೇಷನ್, ಅಂದರೆ ಔಷಧಿಯೇ ಕಾಯಿಲೆಯನ್ನು ಬೆಳೆಸುವುದು. ಡಾಕ್ಟರ ಮೇಲ್ವಿಚಾರಣೆಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಿಟ್ಟೆ. ಆ ಮೂರು ವಾರ ಶತ್ರುವಿಗೂ ಬೇಡ.

ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ನೋಡಿಸಿ ಅಂತ ಹಟ ಹಿಡಿದದ್ದು ನಾನೇ. “ಹಿಮೋಗ್ಲೋಬಿನ್ ಹದಿಮೂರರ ಮೇಲಿದೆ, ಕಬ್ಬಿಣದ ಕೊರತೆ ಎಲ್ಲಿಂದ ಬಂತು?” ಅಂತ ಒಬ್ಬರು ಕೇಳಿದರು. ಬಂದದ್ದು 22ರ ಆಸುಪಾಸು. ಲ್ಯಾಬಿನ ಹಾಳೆಯಲ್ಲಿ ಅದೂ ನಾರ್ಮಲ್ಲೇ! ಆದರೆ ನಮ್ಮ ಕಾಯಿಲೆಗೆ ನೋಡಬೇಕಾದ ಗೆರೆ 75. ರಕ್ತದಲ್ಲಿ ಸಾಕಷ್ಟಿದ್ದರೂ ಮಿದುಳಿಗೆ ಕಬ್ಬಿಣ ಸಾಲದೆ ಹೋಗಬಹುದು. ಇದು ಹೊಸ ಮಾತೂ ಅಲ್ಲ. ಸ್ವೀಡನ್ನಿನ ನರವೈದ್ಯ ಎಕ್‌ಬೋಮ್ ಈ ಕಾಯಿಲೆಗೆ ಹೆಸರಿಟ್ಟದ್ದು 1945ರಲ್ಲಿ; ಅದೇ ದೇಶದ ವೈದ್ಯ ನಾರ್ಡ್‌ಲ್ಯಾಂಡರ್ 1950ರ ದಶಕದಲ್ಲೇ ರಕ್ತನಾಳಕ್ಕೆ ಕಬ್ಬಿಣ ಕೊಟ್ಟು ಗುಣ ಕಂಡಿದ್ದರು.

ಕಬ್ಬಿಣದ ಮಾತ್ರೆಯಲ್ಲೂ ಮೊದಲು ಎಡವಿದೆ. ದಿನಾ ನುಂಗಿದೆ, ಅದೂ ಕಾಫಿಯ ಬೆನ್ನಿಗೇ. ಮಲಬದ್ಧತೆ ಬಂದದ್ದೇ ಲಾಭ, ಎರಡು ತಿಂಗಳಾದರೂ ಅಂಕಿ ಹಂದಲಿಲ್ಲ. ನಂತರ ದಿನ ಬಿಟ್ಟು ದಿನ, ಖಾಲಿ ಹೊಟ್ಟೆಗೆ, ವಿಟಮಿನ್ ಸಿ ಜೊತೆ. ಕಾಫಿ ಎರಡು ಗಂಟೆ ದೂರ. ನಾಲ್ಕು ತಿಂಗಳಿಗೆ 50ರ ಹತ್ತಿರ, ಒಂಬತ್ತಕ್ಕೆ 80 ದಾಟಿತು. ಕಾಲು ಸುಮ್ಮನಾಗತೊಡಗಿದ್ದು 60 ದಾಟಿದ ಮೇಲೆ. ರಕ್ತಪರೀಕ್ಷೆ ಇಲ್ಲದೆ ಇದನ್ನು ಯಾರೂ ಶುರುಮಾಡಬೇಡಿ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ, ಅದು ಯಕೃತ್ತಿನಲ್ಲಿ ಕೂರುತ್ತದೆ.

ನಡುವೆ ಇನ್ನೊಂದು ಪತ್ತೆಯಾಯಿತು. ಡೈರಿ ತಿರುವಿದಾಗ, ಅತಿ ಕೆಟ್ಟ ರಾತ್ರಿಗಳೆಲ್ಲ ನೆಗಡಿಯ ರಾತ್ರಿಗಳು. ನೆಗಡಿ ಅಲ್ಲ, ಅದಕ್ಕೆ ನುಂಗುತ್ತಿದ್ದ ಮಂಪರು ಬರಿಸುವ ಹಳೇ ಕಾಲದ ಅಲರ್ಜಿ ಮಾತ್ರೆ. ಮೂರು ಸಲ ಬಿಟ್ಟು, ಮತ್ತೆ ತೆಗೆದುಕೊಂಡು ನೋಡಿದೆ. ಮೂರೂ ಸಲ ಅದೇ ಫಲ. ಕಾಲಿಗೆ ಬಿಸಿನೀರು, ತಣ್ಣೀರು ಎರಡನ್ನೂ ಹದಿನೈದು ದಿನ ಅದಲುಬದಲು ಮಾಡಿದೆ, ನನಗೆ ತಣ್ಣೀರೇ ಒಗ್ಗಿತು. ಕೂತಲ್ಲೇ ಕಾಡಿದಾಗ ಸುಡೋಕು ಹಿಡಿಯುತ್ತಿದ್ದೆ. ತಲೆ ಕೆಲಸದಲ್ಲಿ ಮುಳುಗಿದರೆ ಕಾಲು ಮರೆಯುತ್ತದೆ, ಟಿವಿಯಿಂದ ಅದು ಆಗದು. ಮಲಗುವ ಮುಂಚೆ ಮಾಡುವ ಒಂದು ವ್ಯಾಯಾಮದ ಕ್ರಮವೂ ಇದೆ. ಅದನ್ನು ಇನ್ನಷ್ಟು ತಿಂಗಳು ಪರೀಕ್ಷಿಸುವ ತನಕ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಈಗ ತಿಂಗಳಿಗೆ ಎರಡು ಮೂರು ರಾತ್ರಿ, ಅದೂ ಹತ್ತು ನಿಮಿಷ. ಎದ್ದು ಓಡಾಡಲು ಬೇಕೆಂದು ಆರು ವರ್ಷ ಬಸ್ಸಿನಲ್ಲಿ ನಡುದಾರಿಯ ಪಕ್ಕದ ಸೀಟನ್ನೇ ಕೇಳಿ ಪಡೆಯುತ್ತಿದ್ದೆ. ಕಳೆದ ತಿಂಗಳ ರಾತ್ರಿ ಪ್ರಯಾಣಕ್ಕೆ ಕಿಟಕಿ ಸೀಟು ತೆಗೆದುಕೊಂಡೆ. ಎಚ್ಚರವಾದಾಗ ಬೆಳಕು ಹರಿದಿತ್ತು.